ಮೃಗಶಿರೆ ಮಳೆಗೆ ಮೊದಲೇ: ಊರಲ್ಲಿರುವ ಅಪ್ಪ-ಅಮ್ಮನ ಆರೈಕೆಗೆ ವ್ಯವಸ್ಥೆ ಮಾಡುವುದು ಹೇಗೆ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರದ ಕಡೆ ದೊಡ್ಡ ಮನೆ, ಉದ್ದ ಜಗಲಿ, ಒಳಗೆ ಇಬ್ಬರೇ ವಯಸ್ಸಾದವರು. ಮಕ್ಕಳು ಬೆಂಗಳೂರಲ್ಲಿ. ಘಟ್ಟ ಇಳಿದು ಕುಮಟಾ, ಅಂಕೋಲಾ, ಕಾರವಾರಕ್ಕೆ ಬಂದರೆ ಮಕ್ಕಳು ಗೋವಾ, ಮುಂಬೈ, ಇಲ್ಲವೇ ಗಲ್ಫ್‌ನಲ್ಲಿ. ‘ನಮ್ಮ ಜೊತೆ ಬಂದಿರಿ’ ಅಂತ ಕರೆದರೆ ಬರುವುದಿಲ್ಲ. ಬಂದರೂ ಹದಿನೈದು ದಿನಕ್ಕೆ ತೋಟದ ಚಿಂತೆ ಶುರು, ಮೀನುಪೇಟೆಯ ನೆನಪು ಶುರು. ಹಟ ಅಂತ ಬೈದು ಪ್ರಯೋಜನ ಇಲ್ಲ. ಅವರು ಅಲ್ಲೇ ಇರಬೇಕಾದರೆ ಏನೇನು ಬೇಕು ಅಂತ ಕೂತು ಲೆಕ್ಕ ಹಾಕುವುದೇ ಸರಿ.

ಈ ಲೆಕ್ಕದಲ್ಲಿ ಮೊದಲ ಹೆಸರು ಮಕ್ಕಳದ್ದಲ್ಲ ಅಂತ ನನ್ನ ಅಭಿಪ್ರಾಯ. ಕರೆದರೆ ಅರ್ಧ ಗಂಟೆಯೊಳಗೆ ಆ ಮನೆ ಮುಟ್ಟುವವರು ಯಾರೋ, ಅವರದ್ದು. ದುಡ್ಡು, ಡಾಕ್ಟರು, ಔಷಧ ಎಲ್ಲವನ್ನೂ ಅವರನ್ನು ನಡುವೆ ಇಟ್ಟುಕೊಂಡು ಹೊಂದಿಸಬೇಕು. ಬೆಂಗಳೂರಿಂದ ಶಿರಸಿಗೆ ರಾತ್ರಿ ಬಸ್ಸು ಹತ್ತಿದರೆ ತಲುಪುವುದು ಬೆಳಗ್ಗೆ. ಬಚ್ಚಲಲ್ಲಿ ಬಿದ್ದ ಅಪ್ಪ ಅಲ್ಲಿವರೆಗೆ ಕಾಯುವುದಿಲ್ಲ, ಅಲ್ವಾ?

ಕೆಲಸ ಶುರು ಮಾಡಲು ಒಳ್ಳೆಯ ಸಮಯ ಏಪ್ರಿಲ್-ಮೇ. ಮಕ್ಕಳ ರಜೆಗೆ ಹೇಗೂ ಊರಿಗೆ ಹೋಗುತ್ತೀರಿ. ಜೂನ್‌ನಲ್ಲಿ ಮೃಗಶಿರೆ ಹಿಡಿಯಿತು ಅಂದರೆ ಕರೆಂಟು, ಫೋನು, ರಸ್ತೆ ಮೂರನ್ನೂ ನಂಬುವ ಹಾಗಿಲ್ಲ.

ಹಂತ 1: ಮೊದಲು ಸುಮ್ನೆ ನೋಡಿ

ಹೋದ ದಿನವೇ ಬದಲಾವಣೆ ಮಾಡಲು ಹೊರಡಬೇಡಿ. ಎರಡು ಮೂರು ದಿನ ಅವರು ದಿನ ಕಳೆಯುವುದನ್ನು ನೋಡಿ. ಕುರ್ಚಿಯಿಂದ ಏಳುವಾಗ ಕೈ ಊರುತ್ತಾರಾ? ಎದ್ದ ಕೂಡಲೇ ಗೋಡೆ ಹಿಡಿಯುತ್ತಾರಾ? ಸ್ನಾನ ಮಾಡುವುದು ಕಡಿಮೆ ಆಗಿದೆಯಾ? ಗ್ಯಾಸ್ ಆರಿಸಲು ಮರೆಯುತ್ತಾರಾ? ಪಾತ್ರೆಯಲ್ಲಿ ನಿನ್ನೆ ಮೊನ್ನೆಯ ಸಾರು ಹಾಗೇ ಉಳಿದಿದೆಯಾ? ಅಂಗಿ ಸಡಿಲ ಆಗಿದ್ದರೆ ತೂಕ ಇಳಿದಿದೆ ಅಂತ ಅರ್ಥ.

ಬಾಯಿಬಿಟ್ಟು ಕೇಳಿದರೆ ಸಿಗುವ ಉತ್ತರ ಗೊತ್ತೇ ಇದೆ. ‘ಎಂತೂ ಆಯ್ದಿಲ್ಲೆ ತಮಾ’, ಅಂದರೆ ಏನೂ ಆಗಿಲ್ಲ ತಮ್ಮಾ. ಅದಕ್ಕೇ ‘ಹೇಗಿದ್ದೀರಿ’ ಅಂತ ಕೇಳಬೇಡಿ. ‘ರಾತ್ರಿ ಎಷ್ಟು ಸಲ ಏಳ್ತೀರಿ?’, ‘ಪೇಟೆಗೆ ಹೋಗಿ ಎಷ್ಟು ದಿನ ಆಯ್ತು?’, ‘ಕಳೆದ ಮಳೆಗಾಲದಿಂದ ಈಚೆ ಎಲ್ಲಾದರೂ ಜಾರಿದ್ರಾ?’ ಅಂತ ಕೇಳಿ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ಜಾಸ್ತಿ. ಪೆಟ್ಟಾಗಲಿಲ್ಲ ಅಂತ ಆ ಸುದ್ದಿಯನ್ನು ಹಗುರವಾಗಿ ಬಿಡಬೇಡಿ.

ಇನ್ನೊಂದು ಪ್ರಶ್ನೆ ಕೇಳಲೇಬೇಕು. ‘ನಿಮಗೆ ಯಾವುದನ್ನು ಬಿಡಲು ಮನಸ್ಸಿಲ್ಲ?’ ಒಬ್ಬರಿಗೆ ಬೆಳಗ್ಗೆ ತೋಟಕ್ಕೆ ಒಂದು ಸುತ್ತು ಹೋಗಬೇಕು. ಇನ್ನೊಬ್ಬರಿಗೆ ದನ ಇರಬೇಕು. ಮತ್ತೊಬ್ಬರಿಗೆ ಸಂಜೆ ಕಡಲ ದಂಡೆಯಲ್ಲಿ ನಾಲ್ಕು ಜನರ ಜೊತೆ ಕೂರಬೇಕು. ಆ ಒಂದನ್ನು ಉಳಿಸಿಕೊಟ್ಟು ಉಳಿದದ್ದನ್ನು ಬದಲಿಸಲು ಹೊರಟರೆ ಅವರೂ ಒಪ್ಪುತ್ತಾರೆ. ಎಲ್ಲವನ್ನೂ ಬೇಡ ಅಂದರೆ ನೀವು ಬಸ್ಸು ಹತ್ತುವುದನ್ನೇ ಕಾಯುತ್ತಾರೆ.

ಹಂತ 2: ಅರ್ಧ ಗಂಟೆಯ ಪಟ್ಟಿ

ಒಂದು ಹಾಳೆಯಲ್ಲಿ ಹೆಸರು ಬರೆಯಿರಿ. ಪಕ್ಕದ ಮನೆಯವರು. ಕೇರಿಯಲ್ಲಿ ಜೀಪು, ಓಮ್ನಿ, ರಿಕ್ಷಾ ಇರುವವರು. ಡ್ರೈವಿಂಗ್ ಬರುವ ಹುಡುಗರು. ತೋಟದ ಕೆಲಸಕ್ಕೆ ಬರುವವರು. ಊರಿನ ಆಶಾ ಕಾರ್ಯಕರ್ತೆ. ದಿನಾ ಹಾಲು ತರುವವರು, ಮೀನು ತರುವವರು. ಕೊನೆಯವರನ್ನು ಮರೆಯಬೇಡಿ. ಬಾಗಿಲು ತೆರೆದಿಲ್ಲ ಅಂತ ಮೊದಲು ಗೊತ್ತಾಗುವುದು ಅವರಿಗೇ.

ಇವರಲ್ಲಿ ಒಬ್ಬರನ್ನು ಮುಖ್ಯ ಹೊಣೆಗೆ ಕೇಳಿಕೊಳ್ಳಿ. ಫೋನಲ್ಲಿ ಬೇಡ, ಮನೆಗೆ ಹೋಗಿ, ಚಾ ಕುಡಿಯುತ್ತಾ ಕೇಳಿ. ಏನು ಮಾಡಬೇಕು ಅಂತ ಬಿಡಿಸಿ ಹೇಳಿ: ದಿನಕ್ಕೊಮ್ಮೆ ಮುಖ ನೋಡುವುದು, ತೊಂದರೆ ಕಂಡರೆ ನಮ್ಮನ್ನು ಕೇಳಲು ಕಾಯದೆ ಆಸ್ಪತ್ರೆಗೆ ಒಯ್ಯುವುದು. ಮನೆಯ ಇನ್ನೊಂದು ಬೀಗದ ಕೈ ಅವರ ಹತ್ತಿರ ಇರಲಿ. ಗಾಡಿ ಬಾಡಿಗೆ, ಆಸ್ಪತ್ರೆಯಲ್ಲಿ ಮೊದಲು ಕಟ್ಟುವ ದುಡ್ಡು ಅವರ ಜೇಬಿಂದ ಹೋಗಬಾರದು. ಒಂದಿಷ್ಟು ಮೊತ್ತವನ್ನು ಅವರ ಹತ್ತಿರವೇ ಕೊಟ್ಟಿಡಿ. ನೆರೆಯವರಿಗೆ ದುಡ್ಡು ಕೊಡುವುದು ಹೇಗೆ ಅಂತ ಸಂಕೋಚ ಬೇಡ. ಸಂಕೋಚ ಪಟ್ಟುಕೊಂಡು ಎರಡು ವರ್ಷ ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವುದು ಅದಕ್ಕಿಂತ ಕೆಟ್ಟದ್ದು.

ಮಕ್ಕಳ ಕಡೆಯಿಂದಲೂ ತೀರ್ಮಾನ ಹೇಳುವವರು ಒಬ್ಬರೇ ಇರಲಿ. ಡಾಕ್ಟರು ‘ಇಲ್ಲೇ ಇಟ್ಟುಕೊಳ್ಳಲಾ, ಹುಬ್ಬಳ್ಳಿಗೆ ಕಳಿಸಲಾ’ ಅಂತ ಕೇಳಿದಾಗ ನಾಲ್ಕು ಮಕ್ಕಳಿಗೆ ಫೋನು ಹೋಗಿ ಐದು ಉತ್ತರ ಬಂದರೆ ಕಷ್ಟ. ಉಳಿದವರು ಕೆಲಸ ಹಂಚಿಕೊಳ್ಳಿ. ಒಬ್ಬರು ತಿಂಗಳ ಔಷಧ. ಒಬ್ಬರು ಬ್ಯಾಂಕು, ಸೊಸೈಟಿ, ಕಾಗದಪತ್ರ. ಒಬ್ಬರು ವರ್ಷಕ್ಕೆ ಒಂದು ತಿಂಗಳು ಬಂದು ಇರುವುದು.

ಮಗನೊಬ್ಬ ಊರಲ್ಲೇ ಇದ್ದಾನೆ ಅಂತಾದರೆ ಉಳಿದವರು ನಿಶ್ಚಿಂತರಾಗುತ್ತಾರೆ. ನಿಜವಾಗಿ ಆರೈಕೆ ಮಾಡುವುದು ಆ ಮಗನೂ ಅಲ್ಲ, ಅವನ ಹೆಂಡತಿ. ಗಂಜಿ ಕೊಡುವುದು, ಹಾಸಿಗೆ ಬಟ್ಟೆ ತೊಳೆಯುವುದು, ರಾತ್ರಿ ಏಳುವುದು ಎಲ್ಲ ಅವಳೇ. ದೂರದಿಂದ ಫೋನು ಮಾಡಿ ‘ಅತ್ತಿಗೆ, ಆಯಿಗೆ ರಾಗಿ ಅಂಬಲಿ ಕೊಡಿ, ಒಳ್ಳೆಯದು’ ಅನ್ನುವ ಮೊದಲು, ಅವಳು ಕೊನೆಯ ಸಲ ತವರಿಗೆ ಹೋಗಿದ್ದು ಯಾವಾಗ ಅಂತ ಕೇಳಿ.

ಹಂತ 3: ಔಷಧದ ಡಬ್ಬಿ ಬಿಚ್ಚಿ

ಈ ಕೆಲಸಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಜಗಲಿಯ ಮೇಲೆ ಸುರಿಯಿರಿ. ಕಿಟಕಿಯ ಮೇಲಿಟ್ಟದ್ದು, ದಿಂಬಿನ ಕೆಳಗಿನ ಪ್ಲಾಸ್ಟಿಕ್ ಕೊಟ್ಟೆ, ಹಳೆಯ ಹಾರ್ಲಿಕ್ಸ್ ಬಾಟಲಿಯೊಳಗಿನದ್ದು, ದೇವರ ಗೂಡಿನ ಪಕ್ಕದ್ದು, ಎಲ್ಲ. ಮೆಡಿಕಲ್ ಶಾಪಿನಲ್ಲಿ ಕತ್ತರಿಸಿ ಕೊಟ್ಟ ಪಟ್ಟಿಗಳೇ ಜಾಸ್ತಿ ಇರುತ್ತವೆ. ಹೆಸರಿರುವ ತುಂಡು ಒಂದು ಕಡೆ, ತಾರೀಕಿರುವ ತುಂಡು ಇನ್ನೊಂದು ಕಡೆ. ಯಾವುದು ಏನು ಅಂತ ಕೇಳಿದರೆ ‘ಇದು ಬಿಳಿದು ಬೆಳಗ್ಗೆದು, ಇದು ಗುಲಾಬಿ ರಾತ್ರಿದು’ ಅನ್ನುತ್ತಾರೆ. ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಆಗ ಒಂದೇ ಔಷಧವನ್ನು ಎರಡು ಹೆಸರಲ್ಲಿ ಎರಡು ಸಲ ನುಂಗುತ್ತಾರೆ.

ಅವಧಿ ಮುಗಿದದ್ದು, ಗುರುತು ಸಿಗದ್ದು ಬೇರೆ ತೆಗೆಯಿರಿ. ಉಳಿದದ್ದನ್ನು ಚೀಟಿಗಳ ಜೊತೆ ಒಂದೇ ಚೀಲಕ್ಕೆ ಹಾಕಿ ಒಬ್ಬ ಡಾಕ್ಟರ ಹತ್ತಿರ ಒಯ್ಯಿರಿ. ಶಿರಸಿಯಲ್ಲಿ ಒಬ್ಬರು, ಹುಬ್ಬಳ್ಳಿಯಲ್ಲಿ ಒಬ್ಬರು, ಮಣಿಪಾಲದಲ್ಲಿ ಒಬ್ಬರು ಬರೆದುಕೊಟ್ಟದ್ದು ಒಟ್ಟು ಸೇರಿ ಎಷ್ಟಾಗಿದೆ ಅಂತ ಯಾರೂ ನೋಡಿರುವುದಿಲ್ಲ. ನಾಟಿ ಔಷಧ, ಕಷಾಯ, ಆಯುರ್ವೇದದ ಗುಳಿಗೆ ಇದ್ದರೆ ಅದನ್ನೂ ತೋರಿಸಿ. ಡಾಕ್ಟರು ಬೈದಾರು ಅಂತ ಮುಚ್ಚಿಡಬೇಡಿ. ನೀವಾಗಿ ಯಾವುದನ್ನೂ ನಿಲ್ಲಿಸಲೂ ಬೇಡಿ.

ಕೇಳಲೇಬೇಕಾದ ಕೆಲವು ವಿಷಯ ಇವೆ. ಮಂಡಿ ನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ. ಅದು ಬಿಪಿ ಏರಿಸಬಹುದು, ಕಿಡ್ನಿಗೂ ಹೊಟ್ಟೆಗೂ ಹಾನಿ ಮಾಡಬಹುದು. ಮೂತ್ರ ಹೋಗಲು ಕೊಟ್ಟ ಮಾತ್ರೆ ರಾತ್ರಿಗಿದ್ದರೆ ಬೆಳಗ್ಗೆಗೆ ಬದಲಿಸಲು ಆಗುತ್ತದಾ ಕೇಳಿ. ಕತ್ತಲಲ್ಲಿ ಏಳುವುದು ತಪ್ಪಿದರೆ ಬೀಳುವುದೂ ಅಷ್ಟು ತಪ್ಪಿತು. ನಿದ್ದೆ ಮಾತ್ರೆ ಇನ್ನೂ ಬೇಕಾ ಕೇಳಿ.

ಉಪವಾಸದ ಮಾತು ಬೇರೆಯೇ ಇದೆ. ಏಕಾದಶಿ, ಸಂಕಷ್ಟಿ, ಶ್ರಾವಣದ ಒಪ್ಪತ್ತು ಬಿಡಿ ಅಂದರೆ ನಮ್ಮ ಕಡೆಯ ಅಜ್ಜಿಯರು ಕೇಳುವವರಲ್ಲ. ಆದರೆ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ಊಟ ಬಿಟ್ಟು ನುಂಗಿದರೆ ಸಕ್ಕರೆ ಪೂರ್ತಿ ಇಳಿಯುತ್ತದೆ. ಬೆವರು, ನಡುಕ, ತಬ್ಬಿಬ್ಬು ಮಾತು, ಕೊನೆಗೆ ಎಚ್ಚರ ತಪ್ಪುವುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಇದೇ ಅಪಾಯ. ಉಪವಾಸದ ದಿನ ಡೋಸ್ ಏನು ಮಾಡಬೇಕು ಅಂತ ಡಾಕ್ಟರಿಂದ ಮೊದಲೇ ಬರೆಸಿಕೊಳ್ಳಿ. ಲಕ್ಷಣ ಕಂಡರೆ, ಎಚ್ಚರ ಇದ್ದು ನುಂಗುವ ಹಾಗಿದ್ದರೆ, ಸಕ್ಕರೆ ನೀರು ಇಲ್ಲವೇ ಬೆಲ್ಲ ಕೂಡಲೇ ಕೊಡಬೇಕು. ಇದು ಪಕ್ಕದ ಮನೆಯವರಿಗೂ ಗೊತ್ತಿರಲಿ.

ಬಿಪಿ ಇದ್ದವರ ಊಟದಲ್ಲಿ ಉಪ್ಪು ಕಡಿಮೆ ಮಾಡಿ ಅನ್ನುವುದು ಸುಲಭ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಹಪ್ಪಳದ ಡಬ್ಬ, ಕರಾವಳಿಯ ಮನೆಯಾದರೆ ಮಳೆಗಾಲಕ್ಕೆ ಕಟ್ಟಿಟ್ಟ ಒಣಮೀನು. ಉಪ್ಪು ಇರುವುದೇ ಅಲ್ಲಿ. ಪೂರ್ತಿ ಬಿಡಿಸಲು ಹೋಗಿ ಸೋಲುವ ಬದಲು ದಿನಕ್ಕೆ ಇಷ್ಟೇ ಅಂತ ಒಪ್ಪಂದ ಮಾಡಿಕೊಳ್ಳಿ.

ಕೊನೆಗೆ ವಾರದ ಏಳು ದಿನಕ್ಕೂ ಖಾನೆ ಇರುವ ಮಾತ್ರೆ ಡಬ್ಬಿ ತನ್ನಿ. ಭಾನುವಾರ ಯಾರಾದರೂ ತುಂಬಿಡಲಿ. ಖಾಲಿ ಆಗದ ಖಾನೆ ಕಂಡರೆ ಮರೆವು ಶುರುವಾಗಿದೆ ಅಂತ ತಿಳಿಯುತ್ತದೆ. ಬಿಪಿ, ಸಕ್ಕರೆಯ ಸಾಮಾನ್ಯ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತವೆ. ಅಲ್ಲಿ ಹೆಸರು ಬರೆಸಿಡುವುದರಿಂದ ಇನ್ನೊಂದು ಲಾಭವೂ ಇದೆ. ಅಲ್ಲಿನ ಸಿಬ್ಬಂದಿಗೆ ಮನೆಯ ದಾರಿ ಗೊತ್ತಾಗುತ್ತದೆ.

ಹಂತ 4: ಗೋಡೆಯ ಮೇಲಿನ ಹಾಳೆ

ಮೊಬೈಲಿನೊಳಗಿನ ಮಾಹಿತಿ ಗಾಬರಿಯ ಹೊತ್ತಿಗೆ ಸಿಗುವುದಿಲ್ಲ. ಒಂದು ಹಾಳೆಗೆ ಪ್ಲಾಸ್ಟಿಕ್ ಹೊದಿಸಿ ಅಡುಗೆಮನೆ ಬಾಗಿಲಿಗೆ ಅಂಟಿಸಿ. ಅಕ್ಷರ ದಪ್ಪ ಇರಲಿ. ಹೀಗೆ ಬರೆದರೆ ಸಾಕು:

‘ಹೆಸರು, ಹುಟ್ಟಿದ ವರ್ಷ. ಬಿಪಿ ಇದೆ, ಸಕ್ಕರೆ ಇದೆ. ಹೃದಯಕ್ಕೆ ಸ್ಟೆಂಟ್ ಹಾಕಿದೆ. ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದೆ. ಇಂಥ ಇಂಜೆಕ್ಷನ್ ಆಗುವುದಿಲ್ಲ. ಬಲಗಿವಿ ಕೇಳುವುದಿಲ್ಲ, ಎಡಕ್ಕೆ ನಿಂತು ಮಾತಾಡಿ. ಆಸ್ಪತ್ರೆ ಫೈಲು, ಆಧಾರ್, ರೇಷನ್ ಕಾರ್ಡು ಕೋಣೆಯ ಕಪಾಟಿನ ನೀಲಿ ಚೀಲದಲ್ಲಿ.’

ಕೆಳಗೆ ಫೋನ್ ನಂಬರ್‌ಗಳು, ಮೊದಲು ಹತ್ತಿರದವರದ್ದು. ಆಮೇಲೆ ಆಂಬುಲೆನ್ಸಿಗೆ 108, ಯಾವುದೇ ತುರ್ತಿಗೆ 112, ಆರೋಗ್ಯ ಸಲಹೆಗೆ 104, ಕರೆಂಟಿನ ದೂರಿಗೆ ಹೆಸ್ಕಾಂನ 1912, ಹಿರಿಯರ ಸಹಾಯವಾಣಿ 14567. ಈ ಕೊನೆಯದು ಮಾತ್ರ ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ. ಮನೆಗೆ ಬರುವ ದಾರಿಯನ್ನೂ ಬರೆಯಿರಿ. ‘ಶಾಲೆ ದಾಟಿ ಎಡಕ್ಕೆ, ಎರಡನೇ ದಣಪೆ (ಬೇಲಿಯ ಗೇಟು)’ ಅನ್ನುವ ಹಾಗೆ. 108ರವರ ಜೊತೆ ಮಾತಾಡುವವರು ಗಾಬರಿಯಲ್ಲಿ ಸ್ವಂತ ಊರಿನ ಗುರುತನ್ನೇ ಮರೆಯುತ್ತಾರೆ.

ಹಂತ 5: ಮನೆ, ಬಚ್ಚಲು, ಅಂಗಳ

ನಮ್ಮ ಕಡೆಯ ಹಳೆಯ ಮನೆಗಳು ಚಂದ. ಮಂಡಿ ಹೋದವರಿಗೆ ಅಲ್ಲ. ಎತ್ತರದ ಹೊಸ್ತಿಲು, ಜಗಲಿಯಿಂದ ಅಂಗಳಕ್ಕೆ ಕಡಿದಾದ ಮೆಟ್ಟಿಲು, ಮೆತ್ತಿಗೆ (ಅಟ್ಟಕ್ಕೆ) ಹತ್ತುವ ಕತ್ತಲೆ ಏಣಿ, ಮನೆಯಿಂದ ದೂರ ಇರುವ ಪಾಯಖಾನೆ.

ಖರ್ಚು ಮಾಡುವುದಾದರೆ ಬಚ್ಚಲಿಂದ ಶುರು ಮಾಡಿ. ಹಂಡೆಯ ಬಿಸಿನೀರಿನ ಹಬೆ, ಸಾಬೂನಿನ ನೊರೆ, ಒಲೆಯ ಹೊಗೆ ಹಿಡಿದ ಮಂಕು ಬೆಳಕು, ಕೆಳಗೆ ನುಣುಪು ಕಲ್ಲು. ಅಲ್ಲಿ ಜಾರದಿದ್ದರೆ ಆಶ್ಚರ್ಯ. ದೊರಗು ಟೈಲ್ಸ್ ಹಾಕಿಸಿ. ಕೂತು ಮೀಯಲು ಪ್ಲಾಸ್ಟಿಕ್ ಸ್ಟೂಲ್ ಅಲ್ಲ, ಕೈ ಇರುವ ಗಟ್ಟಿ ಕುರ್ಚಿ ಬೇಕು. ಗೋಡೆಗೆ ಸ್ಟೀಲಿನ ಹಿಡಿ ಕೂರಿಸಿ. ಮಣ್ಣಿನ ಗೋಡೆಗೆ, ಹಳೆಯ ಗಿಲಾವಿಗೆ ಮೊಳೆ ನಿಲ್ಲುವುದಿಲ್ಲ. ನೆಲದಿಂದಲೇ ಎದ್ದ ಕಬ್ಬಿಣದ ಪೈಪನ್ನು ಕಾಂಕ್ರೀಟಿನಲ್ಲಿ ನಿಲ್ಲಿಸಿ. ನಿಮ್ಮ ಪೂರ್ತಿ ಭಾರ ಹಾಕಿ ಜಗ್ಗಿ ನೋಡಿದ ಮೇಲೇ ಅವರಿಗೆ ಬಿಟ್ಟುಕೊಡಿ. ಚಿಲಕ ಒಳಗಿಂದ ಹಾಕದಿರಲಿ. ಬಾಗಿಲು ಹೊರಕ್ಕೆ ತೆರೆಯುವ ಹಾಗಿರಲಿ, ಬಾಗಿಲಿಗೆ ಅಡ್ಡ ಬಿದ್ದವರನ್ನು ಆಚೆಯಿಂದ ಎತ್ತಲು ಆಗುವುದಿಲ್ಲ.

ಪಾಯಖಾನೆ ಮನೆಯೊಳಗೇ, ಮಲಗುವ ಕೋಣೆಗೆ ಹತ್ತಿರ ಆಗಬೇಕು. ‘ಮನೆಯೊಳಗೆ ಬೇಡ’ ಅನ್ನುವ ಮಡಿಯ ಮಾತು ಬರುತ್ತದೆ. ಜಗಳ ಬೇಡ. ಹಿಂದಿನ ಪಡಸಾಲೆಗೆ ಹೊಂದಿಸಿ ಕಟ್ಟಿಸಿ, ಒಳಗಿನಿಂದ ಬಾಗಿಲು ಇಡಿ. ಕೂರುವ ಕಮೋಡ್ ಎತ್ತರ ಇರಲಿ. ಅಷ್ಟಾಗುವವರೆಗೆ ರಾತ್ರಿಗೆ ಮಂಚದ ಪಕ್ಕ ಕಮೋಡ್ ಕುರ್ಚಿ ಇಡಿ.

ಅಂಗಳದ ಹಾವಸೆಗೆ (ಪಾಚಿಗೆ) ಮಳೆಗಾಲದಲ್ಲಿ ವಾರವಾರ ಬ್ಲೀಚಿಂಗ್ ಪುಡಿ ಹಾಕಿ ಗಟ್ಟಿ ಪೊರಕೆಯಲ್ಲಿ ಉಜ್ಜಿಸಬೇಕು. ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಸುವ ರೂಢಿ ಇದೆ. ಹೊಸದಿರುವಾಗ ಸರಿ, ನೆನೆದು ಹಳತಾದರೆ ಅದೇ ಜಾರುತ್ತದೆ. ಮನೆಯಿಂದ ರಸ್ತೆವರೆಗೆ ದೊರಗು ಕಾಂಕ್ರೀಟಿನ ಕಾಲುದಾರಿ ಮಾಡಿ, ಒಂದು ಬದಿಗೆ ಹಿಡಿಯಲು ಪೈಪು ಹಾಕಿ. ದಾರಿಯಲ್ಲಿ ಹಳ್ಳ ಇದ್ದು ಕಾಲುಸಂಕ ಇದ್ದರೆ ಎರಡೂ ಕಡೆ ಕೈಹಿಡಿ ಬೇಕೇಬೇಕು. ಆಷಾಢದಲ್ಲಿ ಹಳ್ಳ ತುಂಬಿದಾಗ ವಯಸ್ಸಾದವರು ಅದನ್ನು ದಾಟದಿರುವುದೇ ಒಳ್ಳೆಯದು. ಹಾಗಾಗಿ ಆ ದಿನಗಳ ಸಾಮಾನು ಮೊದಲೇ ಮನೆ ಸೇರಿರಬೇಕು.

ಒಳಗೆ ಸಣ್ಣಪುಟ್ಟ ಕೆಲಸ. ಬಾಗಿಲ ಬಳಿಯ ಗೋಣಿ ತೆಗೆಯಿರಿ. ಮಂಚದಿಂದ ಬಚ್ಚಲವರೆಗೆ ರಾತ್ರಿ ದೀಪ ಹಾಕಿ. ದಿನ ಬಳಕೆಯ ಡಬ್ಬಗಳನ್ನು ಸೊಂಟದೆತ್ತರಕ್ಕೆ ತನ್ನಿ. ಎದ್ದ ಕೂಡಲೇ ನಡೆಯದೆ, ಮಂಚದ ಅಂಚಲ್ಲಿ ಒಂದೆರಡು ನಿಮಿಷ ಕೂತು ಏಳುವ ಅಭ್ಯಾಸ ಮಾಡಿಸಿ.

ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ, ನೋಡಲು ಆರಾಮ ಇದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಒಳಗೆ ನಿಧಾನ ರಕ್ತ ಸೋರುವುದು ಹೊರಗೆ ಕಾಣುವುದಿಲ್ಲ.

ಹಂತ 6: ಯಾವ ಆಸ್ಪತ್ರೆ, ಯಾವ ದಾರಿ

ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನುವ ಕೂಗು ಹಳೆಯದು. ಅದು ಕೇಳಿಸಬೇಕಾದವರಿಗೆ ಕೇಳಿಸಲಿ. ನಾವು ಇರುವ ಸ್ಥಿತಿಗೆ ಲೆಕ್ಕ ಹಾಕೋಣ.

ಮೊದಲ ಹೆಜ್ಜೆ ಹತ್ತಿರದ ಸರ್ಕಾರಿ ಆಸ್ಪತ್ರೆ. ಶಿರಸಿಯಲ್ಲಿ ಪಂಡಿತ ಆಸ್ಪತ್ರೆ, ಕಾರವಾರದಲ್ಲಿ ಕ್ರಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ), ಉಳಿದ ಕಡೆ ತಾಲೂಕು ಆಸ್ಪತ್ರೆ. ಅದರಿಂದ ಮುಂದೆ ದಾರಿ ಕವಲೊಡೆಯುತ್ತದೆ. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ. ಶಿರಸಿಯಿಂದ ಅಲ್ಲಿಗೆ ಸುಮಾರು 100 ಕಿಲೋಮೀಟರ್. ಕಾರವಾರದವರಿಗೆ ಗೋವಾ ಹತ್ತಿರ. ಭಟ್ಕಳ, ಹೊನ್ನಾವರದವರು ಮಣಿಪಾಲದ ಕಡೆ. ನಿಮ್ಮ ಮನೆಗೆ ಯಾವುದು ಅಂತ ಈಗಲೇ ನಿರ್ಧರಿಸಿ. ಎರಡನೇ ದಾರಿಯನ್ನೂ ಇಟ್ಟುಕೊಳ್ಳಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ-66 ಹಲವು ದಿನ ಬಂದ್ ಆಗಿತ್ತು. ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲೂ ಮಳೆಗಾಲದಲ್ಲಿ ಮಣ್ಣು ಜಾರುವುದು ಹೊಸದಲ್ಲ.

ಪಾರ್ಶ್ವವಾಯುವಿಗೆ ಈ ಲೆಕ್ಕ ತುಂಬ ಮುಖ್ಯ. ಮುಖ ಒಂದು ಕಡೆ ಸೊಟ್ಟ, ಒಂದು ಕೈ ಎತ್ತಲು ಆಗದು, ಮಾತು ತೊದಲು. ಇಷ್ಟರಲ್ಲಿ ಒಂದು ಕಂಡರೂ ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಹಳ್ಳಿಯಿಂದ ಪೇಟೆ, ಪೇಟೆಯಿಂದ ಹುಬ್ಬಳ್ಳಿ ಅಂತ ತಿರುಗಿದರೆ ಅಷ್ಟೂ ಹೊತ್ತು ರಸ್ತೆಯಲ್ಲೇ ಮುಗಿಯುತ್ತದೆ. ಸಿ.ಟಿ. ಸ್ಕ್ಯಾನ್, ಈ ಇಂಜೆಕ್ಷನ್ ಎರಡೂ ಹತ್ತಿರ ಎಲ್ಲಿದೆ ಅಂತ ನಿಮ್ಮ ಡಾಕ್ಟರನ್ನು ಈಗಲೇ ಕೇಳಿ ಹಾಳೆಯಲ್ಲಿ ಬರೆಯಿರಿ. ಬಾಯಿಗೆ ನೀರು, ಮಾತ್ರೆ, ಎಣ್ಣೆ ಏನೂ ಹಾಕಬೇಡಿ. ನುಂಗಲು ಆಗದೆ ಶ್ವಾಸಕೋಶಕ್ಕೆ ಹೋಗುತ್ತದೆ. ‘ಮಲಗಲಿ, ಬೆಳಗ್ಗೆ ನೋಡೋಣ’ ಅನ್ನುವ ಮಾತು ಬೇಡವೇ ಬೇಡ.

ಗಾಡಿ ಮನೆ ಬಾಗಿಲಿಗೆ ಬರದಿದ್ದರೆ? ಕೈ ಇರುವ ಗಟ್ಟಿ ಕುರ್ಚಿಗೆ ಎರಡು ಗಳ ಕಟ್ಟಿದರೆ ನಾಲ್ಕು ಜನ ಎತ್ತಿಕೊಂಡು ರಸ್ತೆಗೆ ತರಬಹುದು. ಗಳ, ಹಗ್ಗ ಎರಡೂ ಕೊಟ್ಟಿಗೆಯಲ್ಲಿ ಸಿದ್ಧ ಇರಲಿ. ಬಿದ್ದು ಸೊಂಟ, ಬೆನ್ನಿಗೆ ಪೆಟ್ಟಾದವರನ್ನು ಕುರ್ಚಿಯಲ್ಲಿ ಕೂರಿಸಬಾರದು, ಅಗಲ ಹಲಗೆಯ ಮೇಲೆ ಮಲಗಿಸಿಯೇ ತರಬೇಕು.

ಜ್ವರದ ವಿಷಯದಲ್ಲಿ ನಮ್ಮ ಜಿಲ್ಲೆಗೆ ಎರಡು ಎಚ್ಚರಿಕೆ. ಮಳೆಗಾಲದಲ್ಲಿ ಗದ್ದೆ, ಕೊಟ್ಟಿಗೆಯ ಕೆಲಸ ಮಾಡಿದವರಿಗೆ ಇಲಿ ಜ್ವರ ಬರಬಹುದು. ಡಿಸೆಂಬರ್‌ನಿಂದ ಮೇವರೆಗೆ ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಮಂಗನ ಕಾಯಿಲೆ. ದರಕಿಗೆ (ಒಣ ಎಲೆಗೆ), ಸೊಪ್ಪಿಗೆ ಕಾಡಿಗೆ ಹೋಗಿದ್ದರು ಅಂತ ಡಾಕ್ಟರಿಗೆ ನೀವೇ ಹೇಳಿ. ಇನ್ನು, ವಯಸ್ಸಾದವರಿಗೆ ಜ್ವರ ಇಲ್ಲದೆಯೂ ಸೋಂಕು ಇರಬಹುದು. ನಿನ್ನೆ ಸರಿ ಇದ್ದವರು ಇವತ್ತು ಅಸಂಬದ್ಧ ಮಾತಾಡಿದರೆ ಅರಳುಮರಳು ಅಂತ ಬಿಡಬೇಡಿ. ಮೂತ್ರದ ಸೋಂಕು, ರಕ್ತದಲ್ಲಿ ಉಪ್ಪಿನಂಶದ ಏರುಪೇರು, ಹೊಸ ಮಾತ್ರೆ ಇವೂ ಕಾರಣ ಆಗುತ್ತವೆ, ಸರಿ ಮಾಡಲೂ ಆಗುತ್ತದೆ.

ಹಂತ 7: ಮಳೆಗಾಲದ ದಾಸ್ತಾನು

ಕಟ್ಟಿಗೆ, ಹಪ್ಪಳದ ಜೊತೆಗೆ ಆರು ವಾರದ ಔಷಧವನ್ನೂ ಒಳಗೆ ಹಾಕಿಡಿ. ಇನ್ವರ್ಟರ್‌ನಿಂದ ಬಚ್ಚಲು, ಮಲಗುವ ಕೋಣೆ, ಇಂಟರ್‌ನೆಟ್ ಪೆಟ್ಟಿಗೆ ಮೂರಕ್ಕೆ ಲೈನು ಇದ್ದರೆ ಸಾಕು. ಟವರ್ ಸತ್ತ ದಿನ ಫೋನು ಹೋಗುವುದಿಲ್ಲ. ಅಂಥ ದಿನಕ್ಕೆ ಪಕ್ಕದ ಮನೆಗೆ ಕಾಣುವ ಗುರುತು ಒಂದಿರಲಿ. ಬೆಳಗ್ಗೆ ಎಂಟರೊಳಗೆ ಜಗಲಿಯ ತಂತಿಗೆ ಟವೆಲ್ ಹಾಕುವುದು, ಅಷ್ಟೇ. ಟವೆಲ್ ಕಾಣದಿದ್ದರೆ ಅವರು ಬಂದು ನೋಡುತ್ತಾರೆ.

ಬಳಸುತ್ತಿರುವ ಇನ್ಸುಲಿನ್ ತಂಪಾದ ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಕೆಡುವುದಿಲ್ಲ, ನಿಮ್ಮದರ ಅವಧಿಯನ್ನು ಪೆಟ್ಟಿಗೆಯ ಮೇಲೆ ನೋಡಿಕೊಳ್ಳಿ. ಇನ್ನೂ ತೆರೆಯದ ಬಾಟಲಿಗಳು ಫ್ರಿಜ್‌ನಲ್ಲಿ ಇರಬೇಕು, ಫ್ರೀಜರ್‌ನಲ್ಲಿ ಅಲ್ಲ. ಕರೆಂಟು ದಿನಗಟ್ಟಲೆ ಹೋದರೆ ಒಂದು ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಇನ್ನೊಂದು ಸಣ್ಣ ಮಡಕೆ ಕೂರಿಸಿ, ಇನ್ಸುಲಿನ್ನನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಅದರಲ್ಲಿಡಿ. ಗಾಳಿ ಆಡುವ ನೆರಳಲ್ಲಿಟ್ಟರೆ ತಂಪು ನಿಲ್ಲುತ್ತದೆ.

ಹಂತ 8: ದುಡ್ಡು, ಕಾಗದ

ಇದನ್ನು ಎಲ್ಲರೂ ಮುಂದಕ್ಕೆ ಹಾಕುತ್ತಾರೆ. ಬ್ಯಾಂಕಿನಲ್ಲಿ, ಅಡಿಕೆ ಸೊಸೈಟಿಯಲ್ಲಿ ನಾಮಿನಿ ಇದೆಯಾ ನೋಡಿ. ಒಂದು ಖಾತೆಯನ್ನಾದರೂ ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯುವ ಜಂಟಿ ಖಾತೆ ಮಾಡಿ. ಆಸ್ಪತ್ರೆಗೆ ದುಡ್ಡು ಬೇಕಾದಾಗ ಸಹಿ ಮಾಡುವವರೇ ಮಲಗಿರುತ್ತಾರೆ.

ಪಿಂಚಣಿ ಬರುವವರ ಜೀವನ ಪ್ರಮಾಣಪತ್ರ ನವೆಂಬರ್‌ನಲ್ಲಿ. ಕೇಂದ್ರ ಸರ್ಕಾರದ ಪಿಂಚಣಿಯಾಗಿದ್ದು 80 ದಾಟಿದ್ದರೆ ಅಕ್ಟೋಬರ್‌ನಲ್ಲೇ ಕೊಡಬಹುದು. ಬೆರಳಚ್ಚು ಸವೆದವರಿಗೆ ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ದಾರಿ ಇದೆ. ಅಂಚೆ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದೂ ಮಾಡಿಕೊಡುತ್ತಾರೆ. ಪಿಂಚಣಿ ಇಲ್ಲದ, 65 ದಾಟಿದ, ಕಡಿಮೆ ಆದಾಯದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನ ಇದೆ. ಅರ್ಜಿ ನಾಡಕಚೇರಿಯಲ್ಲಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆ ಚೀಟಿ ಇಲ್ಲದೆ ನೇರ ಹೋದವರೇ ಬಿಲ್ಲು ನೋಡಿ ಪೇಚಾಡುವುದು. 70 ದಾಟಿದವರಿಗೆ ಕೇಂದ್ರ 2024ರ ಅಕ್ಟೋಬರ್‌ನಲ್ಲಿ ಪುಕ್ಕಟೆ ಚಿಕಿತ್ಸೆಯ ವಯ ವಂದನಾ ಕಾರ್ಡು ಶುರು ಮಾಡಿದೆ. ನೀವು ಹೋಗುವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಅಂತ ಅಲ್ಲಿನ ಆರೋಗ್ಯ ಮಿತ್ರರನ್ನು (ಯೋಜನೆಯ ಸಹಾಯಕ್ಕೆ ಇರುವ ಸಿಬ್ಬಂದಿಯನ್ನು) ಮೊದಲೇ ಕೇಳಿಕೊಳ್ಳಿ.

ಆಸ್ತಿಯ ಮಾತು. ಅಪ್ಪ-ಅಮ್ಮ ಬದುಕಿರುವಾಗಲೇ ತೋಟವನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಡುವುದಾದರೆ, ‘ನಮ್ಮನ್ನು ಕೊನೆವರೆಗೆ ನೋಡಿಕೊಳ್ಳಬೇಕು’ ಅನ್ನುವ ಷರತ್ತು ಪತ್ರದಲ್ಲೇ ಬರೆದಿರಬೇಕು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ, ಷರತ್ತು ಮುರಿದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಅರ್ಜಿ ಉಪವಿಭಾಗಾಧಿಕಾರಿಯವರ ಮುಂದೆ. ಕಾರವಾರ, ಕುಮಟಾ, ಶಿರಸಿ, ಭಟ್ಕಳದಲ್ಲಿ ಅವರ ಕಚೇರಿ ಇದೆ. ಮಕ್ಕಳು ಈ ಮಾತು ಎತ್ತುವುದು ಕಷ್ಟ, ಗೊತ್ತು. ಆದರೂ ಹಿರಿಯರಿಗೆ ಇದನ್ನು ಹೇಳಬೇಕಾದವರು ನಾವೇ.

ಹಂತ 9: ಕೆಲಸಕ್ಕೆ ಜನ

ಹೋಮ್ ನರ್ಸ್ ಇಡುವ ಮೊದಲು ಯಾವ ಹೊತ್ತಿನಲ್ಲಿ ಕಷ್ಟ ಅಂತ ನೋಡಿ. ಬೆಳಗ್ಗೆ ಸ್ನಾನಕ್ಕೆ, ರಾತ್ರಿ ಒಬ್ಬರು ಮಲಗಲಿಕ್ಕೆ ಜನ ಸಿಕ್ಕಿದರೆ ಹೆಚ್ಚಿನ ಮನೆಗಳಿಗೆ ಸಾಕು. ಊರಿನವರೇ ಆದರೆ ಮಾತು ಹೊಂದುತ್ತದೆ. ಕೊಂಕಣಿ ಮಾತಾಡುವ ಅಜ್ಜಿಗೆ ಕೊಂಕಣಿ ಬರುವವರೇ ಬೇಕು. ಏನು ಕೆಲಸ, ಏನು ಅಲ್ಲ, ರಜೆ ಯಾವಾಗ, ಸಂಬಳ ಎಷ್ಟು ಎಲ್ಲ ಬರೆದುಕೊಳ್ಳಿ. ಅಜ್ಜನನ್ನು ನೋಡಿಕೊಳ್ಳಲು ಬಂದವಳಿಂದ ಅಡಿಕೆ ಸುಲಿಸಬೇಡಿ. ಏಜೆನ್ಸಿಯಿಂದ ಬಂದರೆ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಹಾಸಿಗೆ ಹಿಡಿದವರಾದರೆ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಲು ಬರುತ್ತದೆಯೇ ನೋಡಿ. ಬೆನ್ನು ಹುಣ್ಣು ಒಮ್ಮೆ ಬಿದ್ದರೆ ಮಾಯುವುದು ಕಷ್ಟ.

ಮರೆವಿನ ಕಾಯಿಲೆ ಇದ್ದರೆ ವ್ಯವಸ್ಥೆ ಬೇರೆ. ಇಳಿಸಂಜೆಗೆ ತಳಮಳ ಜಾಸ್ತಿ, ‘ಮನೆಗೆ ಹೋಗಬೇಕು’ ಅಂತ ಎದ್ದು ಹೊರಡುತ್ತಾರೆ. ನಮ್ಮ ಮನೆಗಳ ಹಿಂದೆಯೇ ಕಾಡು, ಇಲ್ಲವೇ ಸಮುದ್ರ. ದಣಪೆಗೆ ಗಂಟೆ ಕಟ್ಟಿ, ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿಸಿ, ಅಂಗಿಯ ಒಳಗೆ ಹೆಸರು, ಫೋನ್ ನಂಬರ್ ಹೊಲಿಸಿ. ವಾದ ಮಾಡಬೇಡಿ. ‘ಹೋಗೋಣ, ಚಾ ಕುಡಿದು ಹೊರಡೋಣ’ ಅಂದರೆ ಆ ಹೊತ್ತು ಕಳೆಯುತ್ತದೆ.

ಹಂತ 10: ಫೋನು ಮತ್ತು ಮರುಲೆಕ್ಕ

ದಿನಾ ಒಂದೇ ಹೊತ್ತಿಗೆ ಫೋನು ಮಾಡಿ. ಮಾತು ಐದೇ ನಿಮಿಷ ಸಾಕು. ‘ಮಾತ್ರೆ ತಗೊಂಡ್ರಾ’ ಅನ್ನುವುದನ್ನು ಕೊನೆಗಿಡಿ. ಅಡಿಕೆ ದರ ಏನಾಯ್ತು, ಮಂಗ ಬಂದಿತ್ತಾ, ಇವತ್ತು ಬಂಗಡೆ ಸಿಕ್ಕಿತಾ ಅಂತ ಶುರು ಮಾಡಿ. ಕಳೆದ ವಾರ ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದಾರಾ, ಏದುಸಿರು ಇದೆಯಾ, ದನಿ ಇಳಿದಿದೆಯಾ ಎಲ್ಲ ಆ ಐದು ನಿಮಿಷದಲ್ಲೇ ಗೊತ್ತಾಗುತ್ತದೆ.

ವ್ಯವಸ್ಥೆಯನ್ನು ವರ್ಷಕ್ಕೆ ಎರಡು ಸಲ ಮತ್ತೆ ನೋಡಿ: ದೀಪಾವಳಿಗೆ ಒಮ್ಮೆ, ಮೇನಲ್ಲಿ ಒಮ್ಮೆ. ಆಸ್ಪತ್ರೆಗೆ ಸೇರಿ ಬಂದರೆ ಆಗಲೂ ನೋಡಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಯಾವ ಹಳೆಯ ಮಾತ್ರೆ ನಿಲ್ಲಿಸಿದ್ದಾರೆ ಅಂತ ಅಲ್ಲೇ ಕೇಳಿ, ಗೋಡೆಯ ಹಾಳೆಯನ್ನು ಹೊಸದಾಗಿ ಬರೆದು ಮೇಲೆ ತಾರೀಕು ಹಾಕಿ. ಹಳೆಯ ಹಾಳೆಯನ್ನು ಹರಿದು ಒಲೆಗೆ ಹಾಕಿ. ಎರಡೂ ಮನೆಯಲ್ಲಿದ್ದರೆ ಅವಸರದಲ್ಲಿ ಕೈಗೆ ಸಿಗುವುದು ಹಳೆಯದೇ.